ಬೀಗ ಕಳಚದ ದಿನಗಳು



ಭಕ್ತಾಮರ ಸ್ತೋತ್ರ ಬಲ್ಲವರು ಒಬ್ಬರೂ ಇಲ್ಲದ ಜೈನ ಮನೆ ಅಪರೂಪ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಚೆನ್ನೈಗೋ ಬಂದು ಎರಡು ತಲೆಮಾರು ಕಳೆದ ಮನೆಗಳಲ್ಲಿ, ಮಕ್ಕಳ ಕನ್ನಡ ತಡವರಿಸತೊಡಗಿದ ಮೇಲೂ ಆ ಸ್ತೋತ್ರ ಉಳಿದುಕೊಂಡಿದೆ. ಅದರ ಹುಟ್ಟಿನ ಕಥೆಯೂ ಉಳಿದಿದೆ. ಅರಸನು ಮಾನತುಂಗಾಚಾರ್ಯರನ್ನು ಸೆರೆಯಲ್ಲಿಟ್ಟು 48 ಬೀಗಗಳನ್ನು ಜಡಿಸಿದನೆಂದೂ, ಆಚಾರ್ಯರು ಒಂದೊಂದು ಪದ್ಯ ನುಡಿದಂತೆ ಒಂದೊಂದು ಬೀಗ ಕಳಚಿತೆಂದೂ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಶ್ವೇತಾಂಬರರ ಪಾಠದಲ್ಲಿ ಪದ್ಯಗಳು 44. ಇದು ಇತಿಹಾಸವೇ ಐತಿಹ್ಯವೇ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಗಮನಿಸಬೇಕಾದ ಸಂಗತಿ ಬೇರೆ ಇದೆ: ಸಮಾಜವು ನಿತ್ಯ ಪಠಿಸುವ ಸ್ತೋತ್ರವೊಂದು, ಪರಂಪರೆಯ ನಂಬಿಕೆಯಂತೆ, ಒಬ್ಬ ಕೈದಿಯ ರಚನೆ. ಕಥೆ ಕೇಳುವವರ ಕಣ್ಣೆಲ್ಲ ಕೊನೆಯ ಬೀಗದ ಮೇಲಿರುತ್ತದೆ. ಮೊದಲನೆಯ ಬೀಗಕ್ಕೂ ಕೊನೆಯದಕ್ಕೂ ನಡುವೆ ಕತ್ತಲೆಯಲ್ಲಿ ಕುಳಿತಿದ್ದ ಮನುಷ್ಯನ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ.

ಪುರಾಣಗಳಲ್ಲಿ ಸೆರೆಯ ಪ್ರಸಂಗ ಇದೊಂದೇ ಅಲ್ಲ. ಬೇಡಿ ತೊಟ್ಟ ಚಂದನೆ ಆ ಸ್ಥಿತಿಯಲ್ಲೇ ಭಗವಾನ್ ಮಹಾವೀರರಿಗೆ ಆಹಾರದಾನ ಮಾಡಿದವಳು, ಮುಂದೆ ಆರ್ಯಿಕಾ ಸಂಘದ ಮುಖ್ಯಸ್ಥೆಯಾದವಳು. ಮಗಧದ ಅರಸ ಶ್ರೇಣಿಕನಂತೂ ಸ್ವಂತ ಮಗ ಕುಣಿಕನ ಸೆರೆಯಲ್ಲಿ ಬಿದ್ದ. ಮಗನು ಪಶ್ಚಾತ್ತಾಪಪಟ್ಟು ಬೇಡಿ ಮುರಿಯಲು ಕೊಡಲಿ ಹಿಡಿದು ಓಡಿಬಂದಾಗ, ತನ್ನನ್ನು ಕೊಲ್ಲಲು ಬಂದನೆಂದು ತಿಳಿದು ತಂದೆ ಅಲ್ಲಿಯೇ ಪ್ರಾಣ ಬಿಟ್ಟ. ಅವನ ಪಾಲಿಗೆ ಬೀಗ ಕಳಚಲಿಲ್ಲ. ಆದರೂ ಮುಂದಿನ ಉತ್ಸರ್ಪಿಣಿಯ ಮೊದಲ ತೀರ್ಥಂಕರನು ಈ ಶ್ರೇಣಿಕನ ಜೀವವೇ ಎಂದು ಆಗಮ ಹೇಳುತ್ತದೆ. ಸೆರೆಮನೆಯಲ್ಲಿ ಸತ್ತವನೊಬ್ಬನಿಗೆ ಅಷ್ಟು ದೊಡ್ಡ ಸ್ಥಾನ ಕೊಟ್ಟ ಧರ್ಮದ ಅನುಯಾಯಿಗಳು, ಇಂದು ಒಂದು ಮನೆಯ ಹುಡುಗ ಎರಡು ತಿಂಗಳು ಜೈಲಿನಲ್ಲಿದ್ದು ಬಂದನೆಂದರೆ ಆ ಮನೆಯ ಹೆಣ್ಣುಮಕ್ಕಳ ಸಂಬಂಧದ ಮಾತನ್ನೇ ನಿಲ್ಲಿಸುತ್ತಾರೆ.

ಇಂದಿನ ವಿಷಯ ಸೆರೆಮನೆಯ ದಿನಚರಿ, ಮತ್ತು ಆ ದಿನಚರಿಯ ನಡುವೆ ಬಂದು ಬೀಳುವ ಸಾವಿನ ಸುದ್ದಿ.

ಭಾರತದ ಬಹುತೇಕ ಜೈಲುಗಳಲ್ಲಿ ದಿನವು ಎಣಿಕೆಯಿಂದ ಆರಂಭವಾಗಿ ಎಣಿಕೆಯಿಂದ ಮುಗಿಯುತ್ತದೆ. ಬೆಳಗ್ಗೆ ಬ್ಯಾರಕ್ಕಿನ ಬಾಗಿಲು ತೆರೆದು ತಲೆ ಎಣಿಸುತ್ತಾರೆ. ಸಂಜೆ ಬಾಗಿಲು ಹಾಕುವ ಮುನ್ನ ಮತ್ತೆ ಎಣಿಸುತ್ತಾರೆ. ನಡುವೆ ಚಹಾ, ನೀರಿನ ಸಾಲು, ಶೌಚಾಲಯದ ಸಾಲು, ಊಟದ ಸಾಲು. ರಾತ್ರಿಯ ಊಟವನ್ನು ಸಂಜೆಯೇ ಹಂಚಿಬಿಡುತ್ತಾರೆ. ಈ ಒಂದು ವಿಷಯದಲ್ಲಿ ಸರ್ಕಾರ ತಿಳಿಯದೆಯೇ ಶ್ರಾವಕಾಚಾರವನ್ನು ಪಾಲಿಸುತ್ತಿದೆ ಎನ್ನಬಹುದು. ರಾತ್ರಿಭೋಜನ ತ್ಯಾಗದ ನಿಯಮವಿರುವ ಜೈನ ಕೈದಿ ಅದನ್ನು ಆಗಲೇ ಉಣ್ಣಬಹುದು. ಉಳಿದವರು ಮುಚ್ಚಿಟ್ಟು ತಣ್ಣಗಾದ ಮೇಲೆ ಉಣ್ಣುತ್ತಾರೆ. ಆದರೆ ಪಲ್ಯದಲ್ಲಿ ಆಲೂಗಡ್ಡೆ, ಬೇಳೆಯಲ್ಲಿ ಈರುಳ್ಳಿ ಇರುತ್ತದೆ. ಕಂದಮೂಲ ಬಿಟ್ಟವನಿಗೆ ಕೆಲವು ದಿನ ಬರಿಯ ರೊಟ್ಟಿಯೇ ಗತಿ. ನೀರನ್ನು ಸೋಸಿ ಕಾಯಿಸುವ ಮಾತಂತೂ ದೂರ. ವ್ರತವೆಂಬುದು ಮನೆಯ ಅಡುಗೆಮನೆಯನ್ನು, ಅದನ್ನು ನಡೆಸುವ ತಾಯಿ ಹೆಂಡಿರನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಅಲ್ಲಿ ಹೋದವನಿಗೆ ಮೊದಲ ವಾರದಲ್ಲೇ ತಿಳಿಯುತ್ತದೆ.

ಅಲ್ಲಿ ಇಲ್ಲದ ಮತ್ತೊಂದು ವಸ್ತು ಏಕಾಂತ. ಹೊರಗಿನವರು ಜೈಲೆಂದರೆ ಒಂಟಿತನವೆಂದು ಎಣಿಸುತ್ತಾರೆ. ಕಿಕ್ಕಿರಿದ ಬ್ಯಾರಕ್ಕಿನಲ್ಲಿ ಮಗ್ಗುಲು ಬದಲಿಸಬೇಕಾದರೂ ಪಕ್ಕದವನು ಬದಲಿಸಬೇಕು. ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ಅಂಥಲ್ಲಿ ತಾಯಿ ಸತ್ತ ಸುದ್ದಿ ಬಂದವನು ಎಲ್ಲಿ ಅಳಬೇಕು? ಮನೆಯಲ್ಲಿ ಸಾವಾದರೆ ಬಂದುಹೋಗುವವರು, ಅಡುಗೆ ಮಾಡಿ ತಂದುಕೊಡುವ ನೆರೆಯವರು, ಸೂತಕದ ದಿನಗಳ ಲೆಕ್ಕ, ಬಸದಿಗೆ ಮತ್ತೆ ಕಾಲಿಡುವ ದಿನ ಇವೆಲ್ಲ ಸೇರಿ ದುಃಖಕ್ಕೊಂದು ದಾರಿ ಮಾಡಿಕೊಡುತ್ತವೆ. ಕೈದಿಗೆ ಶವದ ಮುಖವಿಲ್ಲ, ಚಿತೆಯಿಲ್ಲ, ಸೂತಕವೂ ಇಲ್ಲ. ಸುದ್ದಿಯೇ ಎಷ್ಟೋ ಸಲ ಸೂತಕ ಕಳೆದ ಮೇಲೆ ಮುಟ್ಟುತ್ತದೆ. ಮರುದಿನ ಬೆಳಗ್ಗೆ ಎಣಿಕೆಗೆ ಅವನು ಎದ್ದು ನಿಲ್ಲಲೇಬೇಕು.

ಹೀಗೆ ಸೆರೆಯಲ್ಲಿದ್ದು ಸಾವನ್ನು ಕಂಡವರ ಕಥೆಗಳಲ್ಲಿ ಅತ್ಯಂತ ವಿವರವಾಗಿ ದಾಖಲಾದದ್ದು ಪುಣೆಯ ಆಗಾಖಾನ್ ಅರಮನೆಯದು. 1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಗಾಂಧೀಜಿಯವರನ್ನು ಬಂಧಿಸಿ ಅಲ್ಲಿಗೆ ತಂದರು. ಜೊತೆಯಲ್ಲಿ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ, ಮೀರಾಬೆನ್, ಸರೋಜಿನಿ ನಾಯ್ಡು ಇದ್ದರು. ಕಸ್ತೂರಬಾ ಮತ್ತು ವೈದ್ಯೆ ಸುಶೀಲಾ ನಯ್ಯರ್ ಎರಡು ದಿನಗಳ ತರುವಾಯ ಬಂದು ಸೇರಿದರು. ಅದು ಯರವಡಾ ಜೈಲಿನಂಥ ಜೈಲಲ್ಲ, ಅರಮನೆ. ಹಾಸಿಗೆ, ವೈದ್ಯರು, ತಿರುಗಾಡಲು ತೋಟ ಎಲ್ಲವೂ ಇದ್ದವು. ಅದೇ ಆಂದೋಲನದಲ್ಲಿ ಬಂಧಿತರಾದ ಸಾವಿರಾರು ಸಾಮಾನ್ಯರಿಗೆ ಇದರಲ್ಲಿ ಒಂದೂ ಇರಲಿಲ್ಲ. ಆದರೆ ಮುಳ್ಳುತಂತಿ ಇತ್ತು, ಕಾವಲಿತ್ತು, ಬಿಡುಗಡೆಯ ದಿನಾಂಕ ಇರಲಿಲ್ಲ. ಅಷ್ಟಿದ್ದರೆ ಅರಮನೆಯೂ ಸೆರೆಯೇ.

ಬಂಧನದ ಏಳನೆಯ ದಿನ, ಆಗಸ್ಟ್ 15ರ ಬೆಳಗ್ಗೆ, ಮಹಾದೇವ ದೇಸಾಯಿಯವರು ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಅವರಿಗಿನ್ನೂ 50 ವರ್ಷ. 1917ರಿಂದ, ಅಂದರೆ ಕಾಲು ಶತಮಾನ, ಗಾಂಧೀಜಿಯ ನೆರಳಾಗಿ ಬಾಳಿದವರು. ಗಾಂಧೀಜಿ ಓಡಿಬಂದು ಹೆಸರು ಹಿಡಿದು ಮತ್ತೆ ಮತ್ತೆ ಕೂಗಿದರು. ಒಮ್ಮೆ ಕಣ್ಣು ತೆರೆದು ತನ್ನನ್ನು ನೋಡಿದರೆ ಎದ್ದೇಳುತ್ತಾನೆಂದು ಅವರಿಗೆ ಅನಿಸಿತ್ತು. ಆಮೇಲೆ ಆ 72 ವರ್ಷದ ಮುದುಕ ತನ್ನ ಕೈಯಾರೆ ಶವಕ್ಕೆ ಸ್ನಾನ ಮಾಡಿಸಿದರು. ಶವವನ್ನು ಹೆಂಡತಿ ಮಗನಿಗೆ ಒಪ್ಪಿಸಲಿಲ್ಲ. ಅರಮನೆಯ ಆವರಣದಲ್ಲೇ ದಹನವಾಯಿತು, ಬೆಂಕಿ ಕೊಟ್ಟವರು ಗಾಂಧೀಜಿ. ಮಹಾದೇವನೇಕೆ ಹೋದ, ತಾನೇಕೆ ಹೋಗಲಿಲ್ಲ ಎಂದು ಕಸ್ತೂರಬಾ ಮತ್ತೆ ಮತ್ತೆ ಕೇಳುತ್ತಿದ್ದರು.

ಮುಂದಿನ ಹದಿನೆಂಟು ತಿಂಗಳು ಆ ಮನೆಯಲ್ಲಿ ನಡೆದದ್ದು ಈ ಮಾತಿನ ತಿರುಳು. ಗಾಂಧೀಜಿ ದಿನವೂ ನಡೆದು ಹೋಗಿ ಚಿತೆಯ ಜಾಗದಲ್ಲಿ ಹೂವಿಟ್ಟು ಗೀತೆಯ ಹನ್ನೆರಡನೆಯ ಅಧ್ಯಾಯ ಪಠಿಸಿ ಬರುತ್ತಿದ್ದರು. ಬೆಳಗಿನ ಜಾವದ ಪ್ರಾರ್ಥನೆ, ಓದು, ಚರಕ, ಪತ್ರ, ಸಂಜೆಯ ಪ್ರಾರ್ಥನೆ ಯಾವುದೂ ತಪ್ಪಲಿಲ್ಲ. 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ 21 ದಿನಗಳ ಉಪವಾಸವೂ ಅಲ್ಲಿಯೇ ನಡೆಯಿತು; ಅದರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೇಡ. ಹೆಚ್ಚು ಜನ ಅರಿಯದ ಸಂಗತಿ, ಎಪ್ಪತ್ತು ದಾಟಿದ ಹೆಂಡತಿಗೆ ಗಂಡ ಅಲ್ಲಿ ಪಾಠ ಹೇಳಿಕೊಡಲು ಕುಳಿತದ್ದು. ಭೂಗೋಳ, ಪಂಜಾಬಿನ ನದಿಗಳು. ಕಸ್ತೂರಬಾರಿಗೆ ಹೆಸರುಗಳು ನಿಲ್ಲುತ್ತಿರಲಿಲ್ಲ. ಪರೀಕ್ಷೆ ಮಾಡಿದಾಗ ಲಾಹೋರನ್ನು ಕಲ್ಕತ್ತೆಯ ರಾಜಧಾನಿ ಮಾಡಿಬಿಟ್ಟರು. ಮೀರಾಬೆನ್ ಜೊತೆ ಅವರು ಕೇರಂ ಆಡುತ್ತಿದ್ದರು. ಸೆರೆಯಲ್ಲಿದ್ದ ಮುದುಕಿಯೊಬ್ಬಳು ಕೇರಂ ಆಡಿದಳೆಂಬುದನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ದಾಟುತ್ತವೆ. ಆದರೆ ಮಗನಂತಿದ್ದವನ ಚಿತೆ ಕೂಗಳತೆಯಲ್ಲಿರುವಾಗ, ಹೃದಯ ದಿನದಿನಕ್ಕೆ ಸೋಲುತ್ತಿರುವಾಗ, ಸಂಜೆಯನ್ನು ದಾಟಿಸಿದ್ದು ಅಂಥ ಆಟವೇ.

1943ರ ಡಿಸೆಂಬರಿನಲ್ಲಿ ಅವರ ಕಾಯಿಲೆ ಉಲ್ಬಣಿಸಿತು. ಆಡಳಿತದ ರೀತಿ ಹೇಗಿತ್ತೆಂಬುದಕ್ಕೆ ಒಂದು ಪ್ರಸಂಗ ಸಾಕು. ಆಯುರ್ವೇದ ಚಿಕಿತ್ಸೆ ಬೇಕೆಂದು ಕಸ್ತೂರಬಾ ಬಯಸಿದರು. ಲಾಹೋರಿನ ವೈದ್ಯ ಶಿವಶರ್ಮರು ಬಂದರು. ಹಗಲಿನಲ್ಲಿ ರೋಗಿಯನ್ನು ನೋಡಲು ಅಪ್ಪಣೆಯಿತ್ತು, ರಾತ್ರಿ ಒಳಗೆ ತಂಗಲು ಇರಲಿಲ್ಲ. ವೈದ್ಯರು ಗೇಟಿನ ಹೊರಗೆ ತಮ್ಮ ಕಾರಿನಲ್ಲಿ ಮಲಗಿದರು. ರೋಗ ಏರಿದಾಗ ಅವರನ್ನು ಎಬ್ಬಿಸಿ ಕರೆತರಲು ಅಧಿಕಾರಿಗಳನ್ನೂ ಕಾವಲಿನವರನ್ನೂ ಎಬ್ಬಿಸಬೇಕಿತ್ತು. ಇದನ್ನು ಕುರಿತು ಗಾಂಧೀಜಿ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಸತ್ಯಾಗ್ರಹಿಯಾದವನು ಕಷ್ಟವನ್ನು ಮೌನವಾಗಿ ನುಂಗಬೇಕೆಂದು ಅವರು ಎಣಿಸಲಿಲ್ಲ. ತನ್ನ ಪಾಲಿನ ಅನಾನುಕೂಲವನ್ನು ಸಹಿಸುವುದು ಬೇರೆ, ರೋಗಿಯ ಪಾಲಿನ ಔಷಧಕ್ಕಾಗಿ ಜಗಳವಾಡುವುದು ಬೇರೆ ಎಂಬ ವಿವೇಕ ಅವರಿಗಿತ್ತು.

1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ, ಕಸ್ತೂರಬಾ ಗಂಡನ ತೊಡೆಯ ಮೇಲೆ ಪ್ರಾಣಬಿಟ್ಟರು. ಗಂಡ ನೂತ ನೂಲಿನ ಸೀರೆಯನ್ನು ಶವಕ್ಕೆ ಉಡಿಸಿದರು. ಸಾರ್ವಜನಿಕ ಅಂತ್ಯಕ್ರಿಯೆಗೆ ಸರ್ಕಾರ ಒಪ್ಪಲಿಲ್ಲ. ಸುಮಾರು ನೂರೈವತ್ತು ಬಂಧುಮಿತ್ರರು ಆವರಣದೊಳಗೆ ಬರಲು ಅವಕಾಶವಾಯಿತು. ಮಹಾದೇವರ ಪಕ್ಕದಲ್ಲೇ ಚಿತೆ. ಉರಿ ಆರಲು ಬಹಳ ಹೊತ್ತು ಹಿಡಿಯಿತು. ವಿಶ್ರಾಂತಿ ತೆಗೆದುಕೊಳ್ಳಿರೆಂದು ಸುತ್ತಲಿದ್ದವರು ಬೇಡಿದರು. 62 ವರ್ಷ ಜೊತೆಗೆ ಬಾಳಿದವಳನ್ನು ಕೊನೆಯ ಗಳಿಗೆಯಲ್ಲಿ ಹೀಗೆ ಬಿಟ್ಟುಹೋಗುವುದು ಹೇಗೆ ಎಂದು ಹೇಳಿ ಅವರು ಮರದ ನೆರಳಿನಲ್ಲಿ ಸಂಜೆಯವರೆಗೂ ಕುಳಿತಿದ್ದರು. ವೈಸರಾಯ್ ವೇವೆಲ್ ಸಂತಾಪ ಸೂಚಿಸಿದಾಗ ಬರೆದ ಉತ್ತರದಲ್ಲಿ, ಆಕೆಯ ಯಾತನೆ ತೀರಿತೆಂದು ಮರಣವನ್ನು ಸ್ವಾಗತಿಸಿದರೂ, ತಾನು ಎಣಿಸಿದ್ದಕ್ಕಿಂತ ಹೆಚ್ಚಾಗಿ ಈ ಅಗಲಿಕೆ ತನ್ನನ್ನು ತಟ್ಟಿದೆ ಎಂದು ಒಪ್ಪಿಕೊಂಡರು. ಕಾಯಿಲೆಯಲ್ಲಿ ಕಸ್ತೂರಬಾ ಮಲಗಲಾರದೆ ತಲೆಯಾನಿಸಿ ಕೂರಲೆಂದು ಮಾಡಿಸಿದ್ದ ಒಂದು ಪುಟ್ಟ ಮರದ ಮೇಜಿತ್ತು. ಆಮೇಲೆ ಗಾಂಧೀಜಿ ಅದರ ಮೇಲೆ ಊಟ ಮಾಡುತ್ತಿದ್ದರು.

ಅಪರಿಗ್ರಹವನ್ನು ವ್ರತವಾಗಿ ಹಿಡಿದವರು ಒಂದು ಮೇಜನ್ನು ಹೀಗೆ ಇಟ್ಟುಕೊಂಡದ್ದು ಮೋಹವಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳುವವರು ಸಮಾಜದಲ್ಲಿ ಇದ್ದೇ ಇದ್ದಾರೆ. ಗಾಂಧೀಜಿಯವರಿಗೆ ಜೈನ ವಿಚಾರದ ಪರಿಚಯ ಮೇಲುಮೇಲಿನದಾಗಿರಲಿಲ್ಲ. ಇಂಗ್ಲೆಂಡಿಗೆ ಹೊರಡುವ ಮುನ್ನ ತಾಯಿಯ ಎದುರು ಅವರಿಂದ ವ್ರತ ಸ್ವೀಕಾರ ಮಾಡಿಸಿದವರು ಬೇಚರಜಿ ಸ್ವಾಮಿಯೆಂಬ ಜೈನ ಸಾಧು. 1891ರಲ್ಲಿ ಮುಂಬಯಿಯಲ್ಲಿ ಭೇಟಿಯಾದ ಶ್ರೀಮದ್ ರಾಜಚಂದ್ರರು ಅವರ ಆಧ್ಯಾತ್ಮಿಕ ಸಂದೇಹಗಳನ್ನು ಬಿಡಿಸಿದವರು. ಆದರೂ ಗಾಂಧೀಜಿ ದುಃಖವನ್ನು ಅಲ್ಲಗಳೆಯಲಿಲ್ಲ. ಅದರೊಡನೆ ಕೆಲಸ ಮಾಡುತ್ತ ಬಾಳಿದರು.

ಇಲ್ಲಿ ಶಾಸ್ತ್ರದ ಮಾತು ಬರಲೇಬೇಕು. ಸಾವಿನ ಮನೆಯಲ್ಲಿ ಅಳುವವರನ್ನು ಕಂಡರೆ ಹಿರಿಯರು ‘ಆರ್ತಧ್ಯಾನ ಮಾಡಬೇಡಿ, ಕರ್ಮಬಂಧವಾಗುತ್ತದೆ’ ಎಂದು ಗದರುವುದುಂಟು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ನಾಲ್ಕು ಬಗೆಯೆಂದು ಹೇಳಿ, ಇಷ್ಟವಿಯೋಗವನ್ನು ಅದರಲ್ಲಿ ಸೇರಿಸಿರುವುದು ನಿಜ. ಆದರೆ ಅದೇ ಅಧ್ಯಾಯ ಒಂದು ಹೆಜ್ಜೆ ಮುಂದೆ ಹೋಗಿ, ಈ ಧ್ಯಾನ ಯಾರಿಗೆ ಉಂಟಾಗುತ್ತದೆ ಎಂಬುದನ್ನೂ ಹೇಳುತ್ತದೆ. ವ್ರತವಿಲ್ಲದವನಿಗೆ, ಅಣುವ್ರತಿಗೆ, ಅಷ್ಟೇ ಅಲ್ಲ, ಪ್ರಮತ್ತಸಂಯತನಾದ ಮುನಿಗೆ ಕೂಡ. ಮನೆ ಮಠ ತೊರೆದ ಮುನಿಗೇ ಅಗಲಿಕೆಯ ನೋವು ಉಂಟಾಗಬಹುದೆಂದು ಉಮಾಸ್ವಾತಿಗಳು ಒಪ್ಪಿರುವಾಗ, ಎರಡು ಮಕ್ಕಳ ತಂದೆಯಾದ ಶ್ರಾವಕನಿಗೆ ಕಣ್ಣೀರು ಒರೆಸಿಕೊ ಎಂದು ಆಜ್ಞೆ ಮಾಡುವ ಅಧಿಕಾರ ಯಾರಿಗಿದೆ?

ಇನ್ನೂ ಮುಖ್ಯವಾದ ಮಾತು ಆರನೆಯ ಅಧ್ಯಾಯದಲ್ಲಿದೆ. ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನಗಳು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳುವಾಗ ಸೂತ್ರಕಾರರು ಮೂರು ನೆಲೆಗಳನ್ನು ಹೆಸರಿಸುತ್ತಾರೆ. ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ, ಇಬ್ಬರಲ್ಲಿ ಉಂಟುಮಾಡಿದರೂ ಬಂಧ. ಹಾಗಿದ್ದ ಮೇಲೆ ಲೆಕ್ಕ ಕೈದಿಯ ಮೇಲೆ ಮಾತ್ರ ನಿಲ್ಲುವುದಿಲ್ಲ. ಸತ್ತ ತಂದೆಯ ಮುಖ ನೋಡುವ ಅರ್ಜಿಗೆ ‘ತಿರಸ್ಕರಿಸಲಾಗಿದೆ’ ಎಂದು ಮುದ್ರೆ ಒತ್ತಿದ ಅಧಿಕಾರಿಗೂ, ಕಂಡೂ ಕಾಣದಂತೆ ನಡೆದ ನೆಂಟರಿಗೂ ಅದರಲ್ಲಿ ಪಾಲಿದೆ. ಕರ್ಮಸಿದ್ಧಾಂತವನ್ನು ನೊಂದವನ ಬಾಯಿ ಮುಚ್ಚಿಸಲು ಬಳಸುವುದು ಸುಲಭವಾದ್ದರಿಂದ ಸೂತ್ರದ ಈ ಭಾಗ ಪ್ರವಚನಗಳಲ್ಲಿ ಕಡಿಮೆ ಕೇಳಿಬರುತ್ತದೆ.

ಜೈನ ಸಮಾಜಕ್ಕೆ ರಾಜಕೀಯ ಸೆರೆಯ ಅನುಭವ ಇಲ್ಲವೆಂದಲ್ಲ. ಜಯಪುರದ ಅರ್ಜುನಲಾಲ್ ಸೇಠಿ ಜೈನ ವಿದ್ಯಾಲಯ ನಡೆಸುತ್ತಿದ್ದವರು, ಕ್ರಾಂತಿಕಾರಿಗಳ ಬಳಗದವರು. 1914ರಲ್ಲಿ ಹಿಡಿದು, ಮುಂದೆ ದೂರದ ವೆಲ್ಲೂರು ಜೈಲಿಗೆ ಸಾಗಿಸಿದರು; 1920ರವರೆಗೆ ಬಿಡುಗಡೆಯಿಲ್ಲ. ಅವರ ಶಿಷ್ಯ, ಸೊಲ್ಲಾಪುರ ಜಿಲ್ಲೆಯ ತರುಣ ಮೋತಿಚಂದ್, 1915ರಲ್ಲಿ ಗಲ್ಲಿಗೇರಿದಾಗ ಗುರು ಸೆರೆಯಲ್ಲಿದ್ದರು. ಜಿನದರ್ಶನವಿಲ್ಲದೆ ಉಣ್ಣುವುದಿಲ್ಲವೆಂಬ ನಿಯಮವಿದ್ದ ಸೇಠಿಯವರು ದರ್ಶನಕ್ಕೆ ಅವಕಾಶ ಸಿಗದಾಗ ಅನ್ನ ಬಿಟ್ಟು ಕುಳಿತರು. ಹೊರಗಿನ ಸಾಧರ್ಮಿಕರು ಓಡಾಡಿ ಜಿನಬಿಂಬ ಒದಗಿಸಬೇಕಾಯಿತು. ನಿತ್ಯಕರ್ಮವನ್ನು ಬಿಡೆನೆಂಬ ಈ ಹಟವನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವ ಸುಧಾರಕರಿದ್ದಾರೆ. ಬಿಡುಗಡೆಯ ದಿನ ಗೊತ್ತಿಲ್ಲದೆ, ಭಾಷೆ ಬಾರದ ಊರಿನ ಜೈಲಿನಲ್ಲಿ, ಶಿಷ್ಯನನ್ನು ಕಳೆದುಕೊಂಡವನಿಗೆ ಬೆಳಗಿನ ಆ ಒಂದು ದರ್ಶನ ಏನಾಗಿತ್ತೆಂದು ಊಹಿಸಿದ ಮೇಲೆ ಆ ಮಾತನ್ನಾಡುವುದು ಕಷ್ಟ.

ಇವೆಲ್ಲ ಪರಕೀಯರ ಕಾಲದ ಕಥೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಜಿ. ಎನ್. ಸಾಯಿಬಾಬಾ ಗಾಲಿಕುರ್ಚಿಯಲ್ಲೇ ಬಾಳಿದವರು, ನಾಗಪುರ ಜೈಲಿನಲ್ಲಿದ್ದರು. ಅವರ ತಾಯಿ ಹೈದರಾಬಾದಿನಲ್ಲಿ ಕ್ಯಾನ್ಸರಿನಿಂದ 2020ರ ಆಗಸ್ಟ್ 1ರಂದು ತೀರಿಕೊಂಡರು. ಬದುಕಿದ್ದಾಗ ನೋಡಲು ಪೆರೋಲ್ ಸಿಗಲಿಲ್ಲ, ಸತ್ತ ಮೇಲೂ ಸಿಗಲಿಲ್ಲ. 2024ರ ಮಾರ್ಚ್ 5ರಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅದೇ ಅಕ್ಟೋಬರಿನಲ್ಲಿ ಅವರೂ ತೀರಿಕೊಂಡರು. ತಿಹಾರಿನಲ್ಲಿದ್ದ ವಿದ್ಯಾರ್ಥಿನಿ ನತಾಶಾ ನರ್ವಾಲ್ ಅವರ ತಂದೆ ಮಹಾವೀರ ನರ್ವಾಲ್ 2021ರ ಮೇ 9ರಂದು ಕೋವಿಡ್‌ಗೆ ಬಲಿಯಾದರು. ಮಗಳಿಗೆ ಮಧ್ಯಂತರ ಜಾಮೀನು ದೊರೆತದ್ದು ಮರುದಿನ. ಇವರ ರಾಜಕೀಯವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ತಾಯಿಯ ಚಿತೆಗೆ ಮಗ ಬರಬಾರದೆಂದು ಯಾವ ಶಿಕ್ಷೆಯಲ್ಲಿಯೂ ಬರೆದಿರುವುದಿಲ್ಲ. 1944ರಲ್ಲಿ ಬ್ರಿಟಿಷ್ ಸರ್ಕಾರ ನೂರೈವತ್ತು ಜನರನ್ನು ಒಳಗೆ ಬಿಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕಾಗಿ ಬಂದದ್ದು ಸಂತೋಷದ ಸಂಗತಿಯಲ್ಲ.

ಹೆಸರಿಲ್ಲದವರ ಸಂಖ್ಯೆ ಇನ್ನೂ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಅಂದರೆ ಮುಕ್ಕಾಲಿಗಿಂತ ಹೆಚ್ಚು, ವಿಚಾರಣಾಧೀನರು. ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಹೇಳಿರದವರು. ಪೆರೋಲ್ ಎಂಬುದು ಶಿಕ್ಷೆಯಾದವರಿಗೆ ಇರುವ ಏರ್ಪಾಡು. ವಿಚಾರಣಾಧೀನನ ಮನೆಯಲ್ಲಿ ಸಾವಾದರೆ ಅವನು ನ್ಯಾಯಾಲಯಕ್ಕೆ ಹೋಗಿ ಮಧ್ಯಂತರ ಜಾಮೀನನ್ನೋ ಪೊಲೀಸ್ ಬೆಂಗಾವಲಿನಲ್ಲಿ ಹೋಗಿಬರುವ ಅಪ್ಪಣೆಯನ್ನೋ ಪಡೆಯಬೇಕು. ಬೆಂಗಾವಲಿನ ಖರ್ಚನ್ನು ಅವನೇ ಕಟ್ಟಬೇಕೆಂದು ಆದೇಶವಾಗುವುದುಂಟು. ಶನಿವಾರ ಸಂಜೆ ತಂದೆ ಸತ್ತರೆ ವಕೀಲನೂ ನ್ಯಾಯಾಧೀಶನೂ ಸಿಗುವಷ್ಟರಲ್ಲಿ ಬೂದಿಯೂ ಆರಿರುತ್ತದೆ.

ಇಷ್ಟಕ್ಕೂ ಅಷ್ಟೊಂದು ಜನ ಒಳಗೆ ಉಳಿಯುವುದೇಕೆ? ಜಾಮೀನು ಮಂಜೂರಾದ ಮೇಲೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಇರುವವರು ಬಹಳ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಹೊಣೆಯನ್ನು ನಿರಾಕರಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕುತ್ತ, ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ಒಬ್ಬ ತಮಿಳ ಅಥವಾ ತೆಲುಗಿನವನು ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬರ್ಥದ ಪ್ರಶ್ನೆಯನ್ನೆತ್ತಿದರು. ಹೊರನಾಡ ಕನ್ನಡಿಗರಿಗೆ ಈ ತೀರ್ಪು ಬಾಯಿಪಾಠವಾಗಿರಬೇಕಿತ್ತು. ಬೀದರಿನಿಂದಲೋ ಕಲಬುರಗಿಯಿಂದಲೋ ಮುಂಬಯಿ, ಪುಣೆ, ಹೈದರಾಬಾದಿಗೆ ಕೂಲಿಗೆಂದು ಬಂದವನು ಒಂದು ಜಗಳದಲ್ಲಿ ಸಿಕ್ಕಿಬಿದ್ದರೆ ಅವನ ಪರವಾಗಿ ನಿಲ್ಲಲು ಆ ನಗರದಲ್ಲಿ ವಿಳಾಸವಿರುವ ಒಬ್ಬ ಮನುಷ್ಯ ಬೇಕು, ಅಷ್ಟೆ. ಅಂಥ ವಿಳಾಸಗಳು ಈ ಸಭೆಯಲ್ಲೇ ಎಷ್ಟಿವೆ!

ಅದೇ ಚಾಂದನಿ ಚೌಕದಲ್ಲಿ ಲಾಲ್ ಮಂದಿರದ ಆವರಣದ ಪಕ್ಷಿಗಳ ಆಸ್ಪತ್ರೆಯಿದೆ. ರೆಕ್ಕೆ ಮುರಿದ ಪಾರಿವಾಳಕ್ಕೆ ಅಲ್ಲಿ ಔಷಧ ಸಿಗುತ್ತದೆ. ಪಾಂಜರಪೋಳಗಳಿಗೆ ಶತಮಾನಗಳ ಇತಿಹಾಸವಿದೆ. ಪಂಜರದ ಹಕ್ಕಿಯನ್ನು ಹಣ ಕೊಟ್ಟು ಬಿಡಿಸುವುದು ಪುಣ್ಯವೆಂದು ಮಕ್ಕಳಿಗೂ ಗೊತ್ತು. ಇವು ಸಮಾಜ ಹೆಮ್ಮೆಪಡಬೇಕಾದ ಕಾರ್ಯಗಳೇ. ಆದರೆ ಕನ್ನಡ ನಾಡಿನ ಶಾಸನಗಳಲ್ಲಿ ಶ್ರಾವಕ ಶ್ರಾವಕಿಯರ ಹಿರಿಮೆಯಾಗಿ ಮತ್ತೆ ಮತ್ತೆ ಕಾಣುವುದು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನ. ಇವುಗಳಲ್ಲಿ ಅಭಯದಾನ ಪಶುಪಕ್ಷಿಗಳಲ್ಲೇ ನಿಂತುಬಿಟ್ಟದ್ದು ಯಾವಾಗಿನಿಂದ? ಉಣ್ಣುವಂಥ ಊಟ, ಹೊತ್ತಿಗೆ ಔಷಧ, ಓದಲು ಪುಸ್ತಕ, ಹೆದರಬೇಡ ಎನ್ನುವ ಒಬ್ಬ ಮನುಷ್ಯ, ಈ ನಾಲ್ಕೂ ಒಟ್ಟಿಗೇ ಬೇಕಾದ ಜಾಗ ಈ ದೇಶದಲ್ಲಿ ಯಾವುದಾದರೂ ಇದ್ದರೆ ಅದು ಜೈಲು. ಮುಂಬಯಿಯವರಿಗೆ ಆರ್ಥರ್ ರೋಡ್ ಇದೆ, ಪುಣೆಯವರಿಗೆ ಯರವಡಾ, ಚೆನ್ನೈಯವರಿಗೆ ಪುಳಲ್, ಹೈದರಾಬಾದಿನವರಿಗೆ ಚಂಚಲಗುಡ, ದೆಹಲಿಯವರಿಗೆ ತಿಹಾರ್. ಯಾವುದೂ ದೂರವಲ್ಲ.

ಸಮಾಜದ ಒಳಗಿನ ಮಾತನ್ನೂ ಮುಚ್ಚಿಡುವುದು ಬೇಡ. ವ್ಯಾಪಾರಿ ಕುಟುಂಬಗಳಿಗೆ ಜೈಲು ಬೇರೆ ಲೋಕದ ವಸ್ತುವಲ್ಲ. ಚೆಕ್ ಅಮಾನ್ಯವಾದ ಮೊಕದ್ದಮೆಯಲ್ಲಿ ಎರಡು ವರ್ಷದವರೆಗೆ ಸೆರೆ ಆಗಬಹುದು. ಪಾಲುದಾರನ ಮೋಸಕ್ಕೆ ಸಹಿ ಹಾಕಿದವನು ಸಿಕ್ಕಿಬೀಳುವುದುಂಟು. ಹಾಗಾದಾಗ ಮನೆಯವರು ‘ಊರಿಗೆ ಹೋಗಿದ್ದಾರೆ’, ‘ದುಬೈಗೆ ಹೋಗಿದ್ದಾರೆ’ ಎಂದು ಹೇಳುತ್ತಾರೆ. ಕೇಳಿದವರು ನಂಬಿದಂತೆ ನಟಿಸುತ್ತಾರೆ. ಈ ಸುಳ್ಳಿನ ಬೆಲೆಯನ್ನು ಹೆಂಡತಿ ತೆರುತ್ತಾಳೆ. ಗಂಡ ಇದ್ದೂ ಇಲ್ಲದ ಅವಳಿಗೆ ಸಂತಾಪ ಹೇಳುವವರಿಲ್ಲ, ಏಕೆಂದರೆ ಹೇಳಿಕೊಳ್ಳುವಂಥ ನಷ್ಟ ಅವಳಿಗೆ ಆಗಿಯೇ ಇಲ್ಲವಲ್ಲ! ವಾರಕ್ಕೊಮ್ಮೆ ಮುಲಾಕಾತಿಗೆಂದು ಜೈಲಿನ ಗೇಟಿಗೆ ಒಬ್ಬಳೇ ಹೋಗಿ, ಗಾಜಿನ ಆಚೆಗಿನ ಮುಖವನ್ನು ಕೆಲವು ನಿಮಿಷ ನೋಡಿ, ಬಂದು ಮಕ್ಕಳಿಗೆ ಬಡಿಸುತ್ತಾಳೆ. ದಶಲಕ್ಷಣ ಪರ್ವದಲ್ಲಿ ಬಸದಿಗೆ ಬರುವುದನ್ನು ಬಿಟ್ಟುಬಿಡುತ್ತಾಳೆ. ಕ್ಷಮಾವಣಿಯಂದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಬೇಡುವಾಗ ಅವಳ ಫೋನಿಗೂ ಎಲ್ಲರಿಗೆ ಕಳುಹಿಸಿದ ಅದೇ ಸಂದೇಶ ಬಂದು ಬೀಳುತ್ತದೆ. ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲ.

ಮಾಡಬಹುದಾದದ್ದು ಕಠಿಣವೇನಲ್ಲ. ಪ್ರತಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಅಲ್ಲಿ ಅರೆ ಕಾನೂನು ಸ್ವಯಂಸೇವಕರಾಗಿ ಹೆಸರು ಕೊಡಬಹುದು, ಕನ್ನಡ ಬಲ್ಲವರ ಅಗತ್ಯ ಹೊರರಾಜ್ಯದ ನಗರಗಳಲ್ಲಿ ಇದ್ದೇ ಇರುತ್ತದೆ. ಬಡ ವಿಚಾರಣಾಧೀನರ ಜಾಮೀನಿಗೆ ನೆರವು ನೀಡುವ ಕೇಂದ್ರದ ಯೋಜನೆಯೊಂದು 2023ರಿಂದ ಇದೆ. ಅದನ್ನು ತಿಳಿಸಿ ಅರ್ಜಿ ಬರೆದುಕೊಡುವವರು ಬೇಕು. ಸಂಘಗಳ ಗ್ರಂಥಭಂಡಾರದಲ್ಲಿ ಎರಡೆರಡು ಪ್ರತಿ ಇರುವ ಕನ್ನಡ ಪುಸ್ತಕಗಳನ್ನು ಅಧಿಕಾರಿಗಳ ಅಪ್ಪಣೆ ಪಡೆದು ಜೈಲಿನ ಗ್ರಂಥಾಲಯಕ್ಕೆ ಕೊಡಬಹುದು. ಸೆರೆಯಲ್ಲಿರುವವನ ಮನೆಯಲ್ಲಿ ಸಾವಾದ ದಿನ ವಕೀಲರನ್ನು ಹುಡುಕಿ ಅರ್ಜಿ ಹಾಕಿಸಲು ಇಬ್ಬರು ಓಡಾಡಿದರೆ ಎಷ್ಟೋ ಆಗುತ್ತದೆ. ಅಪ್ಪಣೆ ದೊರೆಯದಿದ್ದರೆ ಉಳಿದವರು ಸೂತಕದ ಮನೆಗೆ ಎಂದಿನಂತೆ ಅಡುಗೆ ಮಾಡಿ ಒಯ್ಯಬೇಕು, ಒಳಗಿರುವವನಿಗೆ ಅಂತ್ಯಕ್ರಿಯೆ ಹೇಗೆ ನಡೆಯಿತು, ಯಾರು ಬಂದಿದ್ದರು, ಕೊನೆಯಲ್ಲಿ ತಾಯಿ ಏನೆಂದರು ಎಂಬುದನ್ನೆಲ್ಲ ವಿವರವಾಗಿ ಪತ್ರ ಬರೆಯಬೇಕು. ಪತ್ರ ಕನ್ನಡದಲ್ಲಿದ್ದರೆ ಹೊರರಾಜ್ಯದ ಜೈಲಿನಲ್ಲಿ ಪರಿಶೀಲನೆಗೆ ತಡವಾಗಬಹುದು. ಅದರಿಂದ ಜೊತೆಗೆ ಹಿಂದಿಯಲ್ಲೋ ಸ್ಥಳೀಯ ಭಾಷೆಯಲ್ಲೋ ಒಂದು ಪ್ರತಿ ಲಗತ್ತಿಸುವುದು ಒಳ್ಳೆಯದು.

ಜಾಮೀನುದಾರರಾಗಿ ನಿಲ್ಲಲು ಸಿದ್ಧರಿರುವವರ ಒಂದು ಪಟ್ಟಿ ಪ್ರತಿ ನಗರದ ಸಂಘದಲ್ಲಿ ಇರಬೇಕೆಂಬುದು ಇಲ್ಲಿನ ಸೂಚನೆ. ಗುರುತಿನ ಚೀಟಿ, ವಿಳಾಸದ ದಾಖಲೆ, ಆಸ್ತಿ ಅಥವಾ ಠೇವಣಿಯ ಕಾಗದ, ಎರಡು ಭಾವಚಿತ್ರ ಸಾಮಾನ್ಯವಾಗಿ ಬೇಕಾಗುತ್ತವೆ. ಆರೋಪಿ ಹಾಜರಾಗದಿದ್ದರೆ ಮುಚ್ಚಳಿಕೆಯ ಹಣ ಕಟ್ಟಬೇಕಾಗಬಹುದು ಎಂಬುದನ್ನು ತಿಳಿದೇ ಮುಂದೆ ಬರಬೇಕು. ಹೆಸರು ಕೊಡುವವರು ಇಂದಿನ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿಯಿರುವ ಪುಸ್ತಕದಲ್ಲಿ ಬರೆಯಿಸಬಹುದು.